ಭಾವನ ಹೊಸ ಕಟ್ಟಪ್ಪಣೆ

ನಾನು ಸುಳ್ಳು ಹೇಳೋಳಲ್ಲ, ಅದು ಭಾವನಿಗೂ ಗೊತ್ತು. ಆದರೂ ಅಕ್ಕನ ಮುಂದೆ ನನ್ನ ಮಾನ ತೆಗೆದರಲ್ಲ, ಆ ಸಿಟ್ಟು ನನಗೆ ಇನ್ನೂ ಇಳಿದಿಲ್ಲ.

ಹಕ್ಕಿ ನೋಡೋಕೆ ಹೋದಾಗ ಯಾರೂ ಬಾಯಿ ಬಿಡಬಾರದು ಅನ್ನೋದು ಭಾವನ ಕಟ್ಟಪ್ಪಣೆ. ಹಿಂದಿನವರಿಗೆ ಹಕ್ಕಿ ಕಂಡರೆ ಮುಂದಿನವರ ಭುಜ ತಟ್ಟಬೇಕು, ಅಷ್ಟೇ. ಆ ವಸಂತದ ಬೆಳಿಗ್ಗೆ ಭಾವ ಮುಂದೆ, ಅಕ್ಕ ನಡುವೆ, ನಾನು ಕೊನೆಗೆ. ಬಯಲಿನ ಪೊದೆಗಳಲ್ಲಿ ಕಿವಿ ತುಂಬುವಷ್ಟು ಚಿಲಿಪಿಲಿ ಇತ್ತು. ಕಾಡಿನೊಳಗೆ ಕಾಲಿಟ್ಟಿದ್ದೇ ತಡ, ಎಲ್ಲ ನಿಂತುಹೋಯಿತು.

ಯಾರೋ ನನ್ನ ಎಡಭುಜ ಮೆಲ್ಲಗೆ ತಟ್ಟಿದರು. ಅಭ್ಯಾಸಬಲದಿಂದ ನಾನು ಅಕ್ಕನನ್ನು ತಟ್ಟಿದೆ, ಅಕ್ಕ ಭಾವನನ್ನು. ಹಕ್ಕಿ ಎಲ್ಲೂ ಕಾಣಲಿಲ್ಲ. ನನ್ನ ಹಿಂದೆ ಯಾರೂ ಇಲ್ಲ ಅನ್ನೋದು ನನಗೆ ಹೊಳೆದದ್ದು ಆಮೇಲೆ. ನಡೆದು ನಡೆದು ಮೈಯೆಲ್ಲ ಬೆವೆತಿತ್ತು. ಆ ಭುಜ ಮಾತ್ರ ಬಾವಿ ನೀರಲ್ಲಿ ಅದ್ದಿದ ಹಾಗೆ ತಣ್ಣಗಿತ್ತು.

ಸ್ವಲ್ಪ ದೂರ ಹೋದಮೇಲೆ ಮತ್ತೆ ತಟ್ಟಿತು.

"ಭಾವ, ನನ್ನನ್ನ ಯಾರೋ ತಟ್ತಿದಾರೆ," ಅಂದೆ.

"ತಮಾಷೆಗೂ ಒಂದು ಮಿತಿ ಬೇಕಮ್ಮಾ! ಇದ್ದಬದ್ದ ಹಕ್ಕಿನೆಲ್ಲ ಓಡಿಸಿದೆ!" ಅಂತ ರೇಗಿದರು.

ನನಗೂ ಪಿತ್ತ ನೆತ್ತಿಗೇರಿತು. "ಹಾಗಾದ್ರೆ ನೀವೇ ಕೊನೇಲಿ ಬನ್ನಿ!"

ಬಂದರು. ಅರ್ಧ ಕಾಡು ದಾಟುವಷ್ಟರಲ್ಲಿ ನಮ್ಮಿಬ್ಬರನ್ನೂ ಒತ್ತರಿಸಿಕೊಂಡು ಮುಂದೆ ಹೋದವರು ಬಯಲು ಸಿಗೋವರೆಗೂ ನಿಲ್ಲಲಿಲ್ಲ. ಏನಾಯ್ತು ಅಂತ ಅಕ್ಕ ಕೇಳಿದರೆ ಎಡಭುಜ ಉಜ್ಜಿಕೊಳ್ಳುತ್ತಾ ಮನೆ ಕಡೆ ಹೆಜ್ಜೆ ಹಾಕಿದರು.

ಇವತ್ತಿಗೂ ನನ್ನ ಹತ್ತಿರ ತಪ್ಪಾಯ್ತು ಅಂದಿಲ್ಲ, ಮಹಾನುಭಾವರು. ಆದರೆ ಈಗ ಹಕ್ಕಿ ಕಂಡರೆ ಗಟ್ಟಿಯಾಗಿ ಕೂಗಿ ಹೇಳಬೇಕಂತೆ, ಯಾರೂ ಯಾರನ್ನೂ ಮುಟ್ಟಕೂಡದಂತೆ.