ಮಾರಮ್ಮನನ್ನು ಮಲಗಿಸಿದ ಸೊಸೆ

"ಅತ್ತೇನ ನಿಲ್ಲಿಸ್ಬೇಡ್ರೀ! ನೆಲಕ್ಕೆ ಮಲಗಿಸ್ರೀ!"

ಗೋಪಾಲಮ್ಮನ ಕೂಗಿಗೆ ಕೋಗಿಲು ಊರಿನ ಆ ಮನೆಯೇ ಬೆಚ್ಚಿಬಿತ್ತು. ನಡುಮನೆಯಲ್ಲಿ ಅತ್ತೆ ಅಕ್ಕಯ್ಯಮ್ಮ ಬಿಳಿಚಿಕೊಂಡು ಕುಸಿದಿದ್ದಳು; ಮಗ ಚಿಕ್ಕಮುನಿಯಪ್ಪ ಅವಳ ಕಂಕುಳಿಗೆ ಕೈಕೊಟ್ಟು ಎತ್ತಿ ನಿಲ್ಲಿಸಿದ್ದ. ಆಗಾಗ ಹೀಗೆ ಕುಸಿಯುವುದು, ಮತ್ತೆ ಮುಖ ಕೆಂಪೇರಿ ಏಳುವುದು... ಮಾರಮ್ಮ ಮೈಮೇಲೆ ಬರುತ್ತಾಳೆ ಎಂದೇ ಊರು ನಂಬಿತ್ತು. ಬಂದ ದೇವತೆ ನೆಲಕ್ಕೆ ತಾಗಬಾರದೆಂದು ನಿಲ್ಲಿಸಿಯೇ ಹಿಡಿಯುತ್ತಿದ್ದರು. ಗಂಡ ಸತ್ತ ಮೇಲೆ ಯಾರೂ ತಿರುಗಿ ನೋಡದಿದ್ದ ಮುದುಕಿಗೆ ಈಗ ಹೂವು, ನಿಂಬೆಹಣ್ಣು, ಮರ್ಯಾದೆಯೋ ಮರ್ಯಾದೆ! ಪಾಪ, ಸ್ವಲ್ಪ ಬಿಂಕ ಪಟ್ಟರೆ ತಪ್ಪೇನು?

ಆದರೆ ಮಂಡಿನೋವಿನ ನೆವ ಹೇಳಿ ಗೋಪಾಲಮ್ಮ ಅತ್ತೆಯನ್ನು ಯಲಹಂಕಕ್ಕೆ ಕರೆದೊಯ್ದಿದ್ದಳು. ನಾಡಿ ಹಿಡಿದ ಡಾಕ್ಟರು ಬೆಂಗಳೂರಿಗೆ ಕಳಿಸಿ ಇ.ಸಿ.ಜಿ. ತೆಗೆಸಿದ್ದರು.

"ಎದೆಯ ಬಡಿತಕ್ಕೆ ಅದರದೇ ಕರೆಂಟು ಇರುತ್ತಮ್ಮ. ಮೇಲಿನ ಕೋಣೇಲಿ ಹುಟ್ಟಿ ಕೆಳಗಿನ ಕೋಣೆಗೆ ಇಳಿಯುತ್ತೆ. ಜೋರಾಗು, ನಿಧಾನವಾಗು ಅಂತ ನರಗಳು ಹೇಳ್ತವೆ. ನಿಮ್ಮತ್ತೆಗೆ ನಡುದಾರೀಲೇ ಕರೆಂಟು ತಡೆದುಬಿಡುತ್ತೆ. ಆಗ ತಲೆಗೆ ರಕ್ತ ಹೋಗಲ್ಲ. ನಿಲ್ಲಿಸಿ ಹಿಡಿದ್ರೆ ಜೀವಕ್ಕೇ ಅಪಾಯ, ಮಲಗಿಸಿ ಕಾಲೆತ್ತಿ ಹಿಡೀರಿ!"

ಬಡಿತ ತಡೆಯದಿರಲೆಂದು ನಾಲಿಗೆಯಡಿ ಇಡಲು ಕೊಟ್ಟ ಮಾತ್ರೆಯನ್ನು ಅಕ್ಕಯ್ಯಮ್ಮ ಉಗಿದಿದ್ದಳು. "ಮನೇಗೇ ಕರೆಂಟಿಲ್ಲ, ನನ್ನೆದೇಲಿ ಎಲ್ಲಿಂದ ಬಂತು? ಇದು ಅಮ್ಮನ್ನ ಓಡ್ಸೋ ಮಾತ್ರೆ!"

ಈಗ ಚಿಕ್ಕಮುನಿಯಪ್ಪ ಗದರಿದ: "ದೇವ್ರನ್ನ ನೆಲಕ್ಕಾಕ್ತೀಯೇನೇ?"

"ಪಾಪ ಬಂದ್ರೆ ನನಗೇ ಬರ್ಲಿ!" ಗಂಡನ ಕೈ ಬಿಡಿಸಿ, ಅತ್ತೆಯನ್ನು ಮಲಗಿಸಿ, ಕಾಲುಗಳನ್ನು ತನ್ನ ತೊಡೆಗೇರಿಸಿಕೊಂಡಳು. ಬಾಗಿ ಮುಂಗೈ ಹಿಡಿದಳು. ನಾಡಿಯೇ ಇಲ್ಲ! "ಅತ್ತೆ... ಅತ್ತೆ..." ಬೆರಳಿನಡಿ ಒಂದು ಮಿಡಿತ. ತಡೆದು ಇನ್ನೊಂದು. ಅತ್ತೆಯ ಕೆನ್ನೆಗೆ ಕೆಂಪು ಹತ್ತಿತು.

"ನನ್ನ ನೆಲಕ್ಕಾಕ್ದೋರು ಯಾರು?"

"ನಾನೇ, ಅತ್ತೆ."

ಮುದುಕಿಯ ಕಣ್ಣಲ್ಲಿ ನೀರು ತುಂಬಿತು. "ಅಮ್ಮ ಒಂಟೋದ್ರೆ... ಇನ್ ನನ್ನ ಯಾರವ್ವಾ ಕೇಳ್ತಾರೆ?"

"ನಾನ್ ಕೇಳ್ತೀನಿ!" ಗೋಪಾಲಮ್ಮ ಬಿಕ್ಕಿದಳು. "ಮಾರಮ್ಮ ಗುಡೀಲಿರ್ಲಿ. ನನಗೆ ಮನೇಲಿ ನೀವು ಬೇಕು..."

ಅವಳು ಸೆರಗಿನ ಗಂಟು ಬಿಚ್ಚಿ ಆ ಮಾತ್ರೆ ತೆಗೆದಳು. ಅಕ್ಕಯ್ಯಮ್ಮ ಮಗುವಿನಂತೆ ಬಾಯಿ ತೆರೆದು ನಾಲಿಗೆ ಎತ್ತಿದಳು.

ಮರುದಿನ, ಮಂಗಳವಾರ, ಹೆಂಗಸರು ಎಂದಿನಂತೆ ನಿಂಬೆಹಣ್ಣು ಹಿಡಿದು ಬಾಗಿಲಿಗೆ ಬಂದರು. ಅಕ್ಕಯ್ಯಮ್ಮ ಮಲಗಿದ್ದಲ್ಲಿಂದಲೇ ಹೇಳಿದಳು:

"ಅಮ್ಮ ಗುಡೀಲವ್ಳೆ, ಅಲ್ಲಿಗೋಗ್ರವ್ವಾ. ನಿಂಬೆಅಣ್ಣು ಇಲ್ಲೇ ಕೊಟ್ಟೋಗಿ, ನಮ್ಮ ಗೋಪಾಲಿ ಕೂಗಿ ಕೂಗಿ ದಣಿದವ್ಳೆ. ಪಾನಕ ಕುಡೀಲಿ."