ಓವನ್ನಿನೊಳಗೊಂದು ಹೇರ್‌ಪಿನ್

"ಇದನ್ನ ಗುಜರಿಗೆ ಹಾಕ್ಬಿಡಿ ಮೇಡಂ."

ಅಷ್ಟೇ! ಹತ್ತು ನಿಮಿಷ ಗ್ಯಾಸ್ ಓವನ್ನಿನ ಮುಂದೆ ಕುಕ್ಕರಗಾಲಲ್ಲಿ ಕೂತು, ಎರಡು ಸಲ ಹೊತ್ತಿಸಿ, ಎರಡು ಸಲ ಆರಿಸಿ, ಆ ರಿಪೇರಿಯವನು ಹೇಳಿದ್ದು ಇಷ್ಟೇ. ಹೇಳಿ ಆರಾಮಾಗಿ ಕೈ ಒರೆಸಿಕೊಳ್ಳತೊಡಗಿದ.

ಹಿಟ್ಟು ಮೆತ್ತಿದ ಕೈ ಸೊಂಟಕ್ಕಿಟ್ಟು ನಿಂತಿದ್ದ ಅವಳ ಮೂಗು ಕೆಂಪಗಾಯಿತು. ಮನೆಯಲ್ಲಿ ಎಲ್ಲರೂ ಅವಳನ್ನು ಮೊಂಡಿ ಅಂತಲೇ ಕರೆಯೋದು. ಸುಮ್ಮಸುಮ್ಮನೆ ಕರೀತಾರಾ?

"ಏನಂದ್ರಿ? ಇನ್ನೊಂದ್ಸಲ ಹೇಳಿ!"

"ಥರ್ಮೋಸ್ಟಾಟ್ ಹೋಗಿದೆ ಮೇಡಂ. ಶಾಖ ಅಳೆದು ಬೆಂಕಿನ ಹೆಚ್ಚು ಕಡಿಮೆ ಮಾಡೋ ಭಾಗ ಅದು. ನೋಡಿ, ಬೆಂಕಿ ಚೆನ್ನಾಗೇ ಹತ್ತುತ್ತೆ, ಎರಡೇ ನಿಮಿಷಕ್ಕೆ ತಾನಾಗೇ ಇಳಿದುಬಿಡುತ್ತೆ. ಇಷ್ಟು ಹಳೇ ಓವನ್‌ಗೆ ಆ ಭಾಗ ಈಗ ಎಲ್ಲೂ ಸಿಗಲ್ಲ."

"ಇದು ನಮ್ಮಮ್ಮನ ಓವನ್."

"ಇರಬಹುದು. ಆದ್ರೆ ಓವನ್‌ಗೆ ಅದು ಗೊತ್ತಾಗಲ್ವಲ್ಲ!"

ಅಯ್ಯೋ ಪುಣ್ಯಾತ್ಮ! ಆ ಮಾತು ಆಡಬಾರದಿತ್ತು. ಆಡಿದ ಮೇಲೆ ಅವನಿಗೂ ಹಾಗೇ ಅನ್ನಿಸಿ ನಾಲಿಗೆ ಕಚ್ಚಿಕೊಂಡ. ಅವಳ ಕಣ್ಣಂಚು ಒದ್ದೆಯಾದದ್ದನ್ನು ಕಂಡು ಮಾತು ತಿದ್ದಲು ಹೊರಟ. ಆದರೆ ಅಷ್ಟರಲ್ಲಿ ತಡವಾಗಿತ್ತು.

"ಎದ್ದೇಳಿ ಗುಜರಿ ಮಹಾರಾಯರೇ! ನಿಮ್ಮ ಸಾಮಾನು ಎತ್ಕೊಂಡು ಹೊರಡಿ. ಬಾಗಿಲು ಆ ಕಡೆ ಇದೆ!"

ಅವನು ಟೂಲ್ ಡಬ್ಬಿ ಎತ್ತಿಕೊಂಡು ಹೊರಟ. ಅವಳು ಅಡುಗೆಮನೆಯ ಕಿಟಕಿಯಿಂದ ನೋಡುತ್ತಲೇ ಇದ್ದಳು. ಗೇಟಿನ ಹತ್ತಿರ ಅವಳ ಅಣ್ಣ ಅವನ ಭುಜ ತಟ್ಟಿ ನಕ್ಕ!

'ಓಹೋ… ಹೀಗಾ ವಿಷಯ! ಇವರಿಬ್ಬರೂ ಸೇರಿ ನನ್ನ ತಲೆ ಮೇಲೆ ಚಪ್ಪಡಿ ಎಳೆಯೋಕೆ ಹೊರಟಿದ್ದಾರೆ!'

ಕಿಟಕಿಗೆ ಮಾತು ಕೇಳಿಸಲಿಲ್ಲ. ನಿಮಗೆ ನಾನು ಹೇಳ್ತೀನಿ. ಅಣ್ಣ ಅಂದದ್ದು ಇದು: "ಒಳ್ಳೇದಾಯ್ತು. ಅವಳು ಮತ್ತೆ ಕರೆದ್ರೂ ಇದನ್ನೇ ಹೇಳಿ. ರಿಪೇರಿ ಆಗೋ ಹಾಗಿದ್ರೂ ಆಗಲ್ಲ ಅನ್ನಿ." ಆ ಕೈಯನ್ನು ಭುಜದಿಂದ ಕೆಳಗಿಳಿಸಿ ಅವನು ಹೇಳಿದ್ದು ಇದು: "ಆಗಲ್ಲ ಅನ್ನಿಸ್ತು, ಆಗಲ್ಲ ಅಂದೆ. ಆಗೋದನ್ನ ಆಗಲ್ಲ ಅನ್ನೋನು ನಾನಲ್ಲ ಸರ್." ಆದರೆ ಅಷ್ಟು ಹೊತ್ತಿಗೆ ಅವಳು ಕಿಟಕಿಯನ್ನು ಧಡಾರನೆ ಮುಚ್ಚಿಯಾಗಿತ್ತು.

ಅಣ್ಣ ಕೆಟ್ಟವನೇನಲ್ಲ. ಅಮ್ಮ ಹೋಗಿ ಎರಡು ವರ್ಷ. ಅಮ್ಮನ ಓವನ್ನಿನ ಮುಂದೆ ತಂಗಿ ಬೆಳಗಿಂದ ಸಂಜೆವರೆಗೆ ಬೇಯುವುದನ್ನು ನೋಡಿ ನೋಡಿ ಅವನಿಗೆ ಸಾಕಾಗಿತ್ತು. ಅವನ ಸಾರಿಗೆ ಆಫೀಸಿನಲ್ಲಿ ಅವಳಿಗೊಂದು ಕುರ್ಚಿ, ಫ್ಯಾನು, ಟೆಲಿಫೋನು ಕಾದಿದ್ದವು. ಕುರ್ಚಿ ಅಂದರೆ ಸಾಕು, ಅವಳಿಗೆ ಮೈಯೆಲ್ಲ ಉರಿ!

ಕೊನೆಗೆ ಅಣ್ಣ ತಂಗಿ ಒಂದು ಒಪ್ಪಂದಕ್ಕೆ ಬಂದಿದ್ದರು. ಊರಿನ ದೊಡ್ಡ ಆಸ್ಪತ್ರೆಯ ಕ್ಯಾಂಟೀನಿಗೆ ದಿನಾ ಇಪ್ಪತ್ತು ಬ್ರೆಡ್ಡು ಬೇಕಿತ್ತು. ಕ್ಯಾಂಟೀನಿನ ಮೇಲ್ವಿಚಾರಕಿ ಶನಿವಾರ ಹನ್ನೊಂದಕ್ಕೆ ಖುದ್ದು ಬಂದು, ಇದೇ ಅಡುಗೆಮನೆಯಲ್ಲಿ ಬೇಯುವುದನ್ನು ಕಣ್ಣಾರೆ ನೋಡಿ, ತಿಂದು ಹೇಳುತ್ತಾರೆ. ಒಪ್ಪಿದರೆ ಅಣ್ಣ ಇನ್ನೆಂದೂ ಅಡ್ಡ ಬರುವುದಿಲ್ಲ. ಒಪ್ಪದಿದ್ದರೆ ಓವನ್ ಗುಜರಿಗೆ, ಅವಳು ಕುರ್ಚಿಗೆ.

"ಆಗಲಿ!" ಅಂತ ಅಣ್ಣನ ಕೈ ಮೇಲೆ ಕೈ ಹಾಕಿ ಮಾತು ಕೊಟ್ಟಿದ್ದಳು ಮೊಂಡಿ.

ಇವತ್ತು ಗುರುವಾರ. ಓವನ್ ಬಿಸಿಯಾಗುತ್ತಿಲ್ಲ!

*

ಶುಕ್ರವಾರ ಬೆಳಿಗ್ಗೆ ಅವಳು ಸೆರಗು ಬಿಗಿದು ಸ್ಕ್ರೂ ಡ್ರೈವರ್ ಹಿಡಿದಳು.

"ಲೇ, ನಿಂಗೆ ಬಲ್ಬ್ ಹಾಕೋಕೆ ಬರಲ್ಲ, ಓವನ್ ಬಿಚ್ತೀಯಾ?" ಅತ್ತಿಗೆ ಟಾರ್ಚ್ ಹಿಡಿದು ನಿಂತು ಕೇಳಿದಳು.

"ಟಾರ್ಚ್ ನೆಟ್ಟಗೆ ಹಿಡಿ ಅತ್ತಿಗೆ. ಬಾಯಿಗೆ ಬೀಗ ಹಾಕು."

"ನಿಮ್ಮಣ್ಣಂಗೆ ಗೊತ್ತಾದ್ರೆ…"

"ಗೊತ್ತಾಗಲಿ! ನಾನೇನು ಕದೀತಿದ್ದೀನಾ?"

ಆಗಲೇ ಕಿಟಕಿಯ ಸರಳಿನ ಹೊರಗೊಂದು ನೆರಳು ಬಿತ್ತು. ಅದೇ ಟೂಲ್ ಡಬ್ಬಿ. ಅದೇ ಮುಖ! ಆದರೆ ಕಣ್ಣು ಕೆಂಪಗಿತ್ತು, ನಿದ್ದೆಗೆಟ್ಟವನ ಹಾಗೆ.

ಅವನು ನಿಜವಾಗಿಯೂ ನಿದ್ದೆಗೆಟ್ಟಿದ್ದ. ಹಾಸಿಗೆಯಲ್ಲಿ ಮಗ್ಗುಲಾದಾಗಲೆಲ್ಲ ಒಂದೇ ಯೋಚನೆ. 'ಥರ್ಮೋಸ್ಟಾಟ್ ಕೆಟ್ಟಿದ್ದರೆ ಬೆಂಕಿ ಮೊದಲಿಂದಲೇ ಸಣ್ಣಗಿರಬೇಕಿತ್ತಲ್ಲ? ಎರಡು ನಿಮಿಷ ಉರಿದು ಯಾಕೆ ಇಳಿಯಿತು? ಒಳಗೆ ಕೈ ಹಾಕಿ ನೋಡಲೇ ಇಲ್ಲವಲ್ಲ ನಾನು! ಹಳೇದು ಅಂದ ಕೂಡಲೇ ಗುಜರಿ ಅಂದುಬಿಟ್ಟೆ.' ಹದಿನೈದು ವರ್ಷದ ಕಸುಬುದಾರನಿಗೆ ಇದಕ್ಕಿಂತ ನಾಚಿಕೆ ಬೇಕಾ? ಜೊತೆಗೆ ಆ ಒದ್ದೆ ಕಣ್ಣು ಬೇರೆ…

"ಮೇಡಂ, ಬಾಗಿಲು ತೆಗೀರಿ. ಇನ್ನೊಂದ್ಸಲ ನೋಡ್ತೀನಿ."

"ತೆಗೆಯಲ್ಲ!"

"ನಾನು ಸರಿಯಾಗಿ ನೋಡಿರಲಿಲ್ಲ…"

"ನಮ್ಮಣ್ಣ ಕಳಿಸಿದ್ನಾ? ಇದ್ದದ್ದನ್ನೂ ಕೆಡಿಸಿ ಬಾ ಅಂದ್ನಾ?"

ಅವನ ಮುಖ ಪೆಚ್ಚಾಯಿತು. ಗೇಟಿನ ಹತ್ತಿರ ನಡೆದದ್ದನ್ನು ಒಂದೇ ಮಾತಲ್ಲಿ ಹೇಳಿಬಿಡಬಹುದಿತ್ತು. ಆದರೆ ತಂಗಿಯ ಮುಂದೆ ಅಣ್ಣನ ಮೇಲೆ ಚಾಡಿ ಹೇಳುವುದಾ? ಛೆ.

"ಯಾರೂ ಕಳಿಸಿಲ್ಲ. ನಾನೇ ಬಂದೆ."

"ಬಂದ ದಾರೀಲೇ ವಾಪಸ್ ಹೋಗಿ."

ಹೋಗಲಿಲ್ಲ ಅವನು! ಡಬ್ಬಿಯನ್ನು ಕಿಟಕಿಯ ಕೆಳಗಿಟ್ಟು, ಅದರ ಮೇಲೆ ಹತ್ತಿ ನಿಂತು, ಸರಳು ಹಿಡಿದುಕೊಂಡ.

"ಸರಿ, ಬಾಗಿಲು ತೆಗೀಬೇಡಿ. ನೀವೇ ಮಾಡಿ, ನಾನು ಇಲ್ಲಿಂದ ಹೇಳ್ತೀನಿ. ಮೊದಲು ಗ್ಯಾಸ್ ವಾಲ್ವ್ ಮುಚ್ಚಿದ್ದೀರಾ?"

"ಅಷ್ಟೂ ಗೊತ್ತಿಲ್ವಾ ನಂಗೆ?" ಅಂದವಳು ಮೆಲ್ಲಗೆ ಹಿಂದೆ ಕೈ ಹಾಕಿ ವಾಲ್ವ್ ಮುಚ್ಚಿದಳು. ಅತ್ತಿಗೆ ಕಿಸಕ್ಕನೆ ನಕ್ಕಳು.

"ಒಳಗೆ ಬೆರಳುದ್ದದ ತಾಮ್ರದ ಕಡ್ಡಿ ಇರುತ್ತೆ, ಶಾಖ ಅಳೆಯೋದು ಅದೇ. ಅದರಿಂದ ತೆಳ್ಳಗೆ ಒಂದು ತಂತಿ ಮೇಲಕ್ಕೆ ಹೋಗಿರುತ್ತೆ. ಎಲ್ಲಿದೆ ನೋಡಿ."

ಅವಳು ತಲೆ ಒಳಗಿಟ್ಟು ನೋಡಿದಳು. ಕಡ್ಡಿ ಓವನ್ನಿನ ತಳದಲ್ಲಿ, ಬೆಂಕಿ ಬರುವ ತೂತಿನ ಪಕ್ಕದಲ್ಲೇ ತೆಪ್ಪಗೆ ಮಲಗಿತ್ತು.

"ತಳದಲ್ಲಿದೆ."

"ಅದೇ! ಅಯ್ಯೋ ಅದೇ ಮೇಡಂ!" ಅವನು ಡಬ್ಬಿಯ ಮೇಲೆ ಕುಣಿದೇಬಿಟ್ಟ. "ಅದು ಹಿಂದಿನ ಗೋಡೆಗೆ, ಮೇಲ್ಗಡೆ ಇರಬೇಕು. ಬೆಂಕಿ ಪಕ್ಕ ಮಲಗಿದ್ರೆ ಅದು ಎರಡೇ ನಿಮಿಷಕ್ಕೆ ಕಾದುಬಿಡುತ್ತೆ. ಓವನ್ ಪೂರ್ತಿ ಕಾಯ್ತು ಅಂದ್ಕೊಂಡು ಬೆಂಕಿ ಇಳಿಸಿಬಿಡುತ್ತೆ. ಥರ್ಮೋಸ್ಟಾಟ್ ಗಟ್ಟಿಮುಟ್ಟಾಗಿದೆ! ಆದ್ರೆ ಅದನ್ನ ಅಲ್ಲಿಂದ ಕಿತ್ತೋರ್ಯಾರು?"

ಅವಳು ಓವನ್ನಿನೊಳಗಿಂದ ತಲೆ ಹೊರಗೆ ತೆಗೆಯಲೇ ಇಲ್ಲ.

ಯಾರು ಅಂತ ಅವಳಿಗೆ ಗೊತ್ತಿತ್ತು. ದೊಡ್ಡ ಆರ್ಡರಿನ ಮುಂಚೆ ಓವನ್ನಿನ ಒಳಗನ್ನು ಕಬ್ಬಿಣದ ಬ್ರಷ್ಷಿನಲ್ಲಿ ಫಳಫಳ ಉಜ್ಜುವುದು ಅಮ್ಮನ ಪದ್ಧತಿ. ಅಮ್ಮ ಹೋದಮೇಲೆ ಅದು ಮೊದಲ ಸಲ ಅವಳ ಪಾಲಿಗೆ ಬಂದಿತ್ತು. ಬುಧವಾರ ಆವೇಶ ಬಂದವಳಂತೆ ಉಜ್ಜಿದಾಗ ಯಾವುದೋ ಕ್ಲಿಪ್ ಟಪ್ಪೆಂದು ಮುರಿದಿತ್ತು. ಕೈಗೆ ಬಂದ ಕಡ್ಡಿಯನ್ನು, ಹೆಚ್ಚುವರಿ ಏನೋ ಇರಬೇಕು ಅಂತ, ಜೋಪಾನವಾಗಿ ತಳದಲ್ಲಿ ಮಲಗಿಸಿದ್ದವಳು ಇವಳೇ!

'ಹೇಳಿಬಿಡಲಾ?' ನಾಲಿಗೆ ತುದಿಯವರೆಗೆ ಬಂತು. ಈ ಗುಜರಿ ಮಹಾರಾಯನ ಮುಂದೆ ತಲೆ ತಗ್ಗಿಸೋದಾ? ಊಹೂಂ!

"ಯಾರು ಕಿತ್ರೆ ನಿಮಗೇನು? ಮುಂದೇನು ಮಾಡ್ಬೇಕು ಅದನ್ನ ಹೇಳಿ."

"ಕ್ಲಿಪ್ ಇದೆಯಾ?"

"ಮುರಿದಿದೆ."

"ಪ್ಲಾಸ್ಟಿಕ್, ದಾರ ಏನೂ ಕಟ್ಟಬೇಡಿ, ಸುಟ್ಟುಹೋಗುತ್ತೆ. ಗಟ್ಟಿ ಸ್ಟೀಲ್ ತಂತಿ ಏನಾದ್ರೂ…" ಅಂತ ಅವನು ಡಬ್ಬಿಯಿಂದ ಇಳಿದು ಹುಡುಕುವಷ್ಟರಲ್ಲಿ ಅವಳು ತಲೆಗೆ ಕೈ ಹಾಕಿ ಹೇರ್‌ಪಿನ್ ಎಳೆದಳು. ಗಂಟು ಬಿಚ್ಚಿ ಕೂದಲೆಲ್ಲ ಬೆನ್ನ ಮೇಲೆ ಬಿತ್ತು.

"ಇದು ಆಗುತ್ತಾ?"

ಮತ್ತೆ ಡಬ್ಬಿ ಹತ್ತಿದವನು ನೋಡಿದ. ಪಿನ್ನನ್ನಲ್ಲ, ಕೂದಲನ್ನು.

"ರೀ! ಆಗುತ್ತಾ ಇಲ್ವಾ?"

"ಆ… ಆಗುತ್ತೆ. ಚೆನ್ನಾಗಿದೆ. ಅಂದ್ರೆ… ಪಿನ್ನು!"

ಅತ್ತಿಗೆ ಕೈಯಲ್ಲಿದ್ದ ಟಾರ್ಚು ನಗುವಿಗೆ ಗಡಗಡ ನಡುಗಿತು.

"ಕ್ಲಿಪ್ಪಿದ್ದ ತೂತಿಗೆ ಪಿನ್ ಸಿಕ್ಕಿಸಿ, ಅದಕ್ಕೆ ಕಡ್ಡಿ ಕೂರಿಸಿ. ಕಡ್ಡಿ ಗೋಡೆಗೆ ತಾಗಬಾರದು. ಒಂದು ಬೆರಳು ಜಾಗ ಬಿಡಿ. ಹಾಂ… ತಂತಿ ಮಡಿಸಬೇಡಿ. ಮೆಲ್ಲಗೆ. ಅಷ್ಟೇ. ಈಗ ವಾಲ್ವ್ ತೆಗೆದು ಹೊತ್ತಿಸಿ."

ಬೆಂಕಿ ಭುಗ್ಗೆಂದಿತು. ಎರಡು ನಿಮಿಷ… ಮೂರು… ಐದು… ಇಳಿಯಲಿಲ್ಲ! ಒಳಗಿಟ್ಟ ಶಾಖಮಾಪಕದ ಮುಳ್ಳು ಏರಿತು, ಏರಿತು, ಇನ್ನೂರ ಇಪ್ಪತ್ತಕ್ಕೆ ಬಂದು ನಿಂತಿತು.

"ಕಾಯ್ತು! ಅತ್ತಿಗೆ, ಕಾಯ್ತು!" ಅವಳು ಕುಣಿದಾಡಿ, ಕಿಟಕಿಯತ್ತ ತಿರುಗಿದಳು. ಅವನೂ ನಗುತ್ತಿದ್ದ. ಸರಳಿನ ನಡುವೆ ಇಬ್ಬರ ನೋಟ ಸೇರಿ, ಒಂದು ಕ್ಷಣ ಅಲ್ಲೇ ನಿಂತಿತು.

ಮರುಕ್ಷಣವೇ ಅವಳಿಗೆ ಭುಜ ತಟ್ಟಿದ ಅಣ್ಣನ ಕೈ ನೆನಪಾಯಿತು.

"ಒಂದ್ಸಲ ಸರಿ ಹೇಳಿದ್ರಿ ಅಂತ ನಂಬಿಬಿಡ್ತೀನಿ ಅಂದ್ಕೋಬೇಡಿ. ಹೊರಡಿ."

ಅವನ ನಗು ಇಳಿಯಿತು. "ನಂಬಬೇಡಿ ಮೇಡಂ. ಬ್ರೆಡ್ ಚೆನ್ನಾಗಿ ಬರಲಿ" ಅಂದು ಡಬ್ಬಿ ಎತ್ತಿಕೊಂಡು ಹೋದ.

ಗೆದ್ದವಳು ಅವಳೇ. ಆದರೂ ಮಧ್ಯಾಹ್ನವೆಲ್ಲ ಯಾಕೆ ಕಿಟಕಿಯ ಕಡೆಗೇ ನೋಡುತ್ತಿದ್ದಳು?

*

ಶನಿವಾರ ಹನ್ನೊಂದು. ಮೇಲ್ವಿಚಾರಕಿ ಕನ್ನಡಕ ಏರಿಸಿಕೊಂಡು ಓವನ್ನಿನ ಮುಂದೆ ಸ್ಟೂಲ್ ಹಾಕಿಸಿಕೊಂಡು ಕೂತರು. ಅಣ್ಣ ಬಾಗಿಲಿಗೆ ಒರಗಿ ನಿಂತ. ಬ್ರೆಡ್ಡು ಉಬ್ಬಿತು, ಹೊಂಬಣ್ಣಕ್ಕೆ ತಿರುಗಿತು. ಆಕೆ ಒಂದನ್ನು ಬಟ್ಟೆಯಲ್ಲಿ ಹಿಡಿದು ತಳ ತಟ್ಟಿ ಕಿವಿಗೊಟ್ಟರು, ಮುರಿದರು, ಬಾಯಿಗೆ ಹಾಕಿಕೊಂಡರು. ಮೊಂಡಿ ಏಪ್ರನ್ನಿನ ತುದಿ ಹಿಂಡುತ್ತ ನಿಂತಳು.

"ನಿಮ್ಮ ತಾಯಿ ಬ್ರೆಡ್ ತಿಂದಿದ್ದೀನಿ ನಾನು," ಅಂದರು ಆಕೆ. "ಇದು ಇನ್ನೂ ಒಂದು ಕೈ ಮೇಲೇ ಇದೆ. ಸೋಮವಾರದಿಂದ ಕಳಿಸಮ್ಮ."

ಆಕೆ ಹೋದಮೇಲೆ ಅಣ್ಣ ಬ್ರೆಡ್ಡಿನ ಒಂದು ಚೂರು ಮುರಿದು ತಿಂದ. ಆಮೇಲೆ ಹುಳ್ಳಗೆ ನಕ್ಕ.

"ಸೋತೆ ಕಣೇ. ಕುರ್ಚಿ ಬೇರೆಯವರಿಗೆ ಕೊಡ್ತೀನಿ. ಆ ರಿಪೇರಿಯವನು ನನ್ನ ಮಾತು ಕೇಳಿದ್ದಿದ್ರೆ ಚೆನ್ನಾಗಿತ್ತು ನೋಡು!"

"ಯಾವ ಮಾತು?"

"ಆಗೋದಿದ್ರೂ ಆಗಲ್ಲ ಅನ್ನು ಅಂದೆ. ನನ್ನ ಕೈ ಸರಿಸಿ, ನಾನು ಅಂಥೋನಲ್ಲ ಅಂದುಬಿಟ್ಟ. ತಲೆಹರಟೆ!"

ಅವಳು ಕಿಟಕಿಯ ಖಾಲಿ ಸರಳಿನತ್ತ ತಿರುಗಿದಳು.

'ಕಿಟಕಿಯ ಆಚೆ ನಿಂತು ಅಷ್ಟು ಬೈಸಿಕೊಂಡ… ಒಂದು ಮಾತು ಹೇಳಲಿಲ್ಲ! ಮತ್ತೆ ನಾನು? ನಾನು ಮುರಿದದ್ದನ್ನೂ ಒಪ್ಪಿಕೊಳ್ಳಲಿಲ್ಲ!'

ಬಿಸಿ ಬ್ರೆಡ್ಡೊಂದನ್ನು ಬಟ್ಟೆಯಲ್ಲಿ ಸುತ್ತಿಕೊಂಡು ಹೊರಟೇಬಿಟ್ಟಳು.

"ಎಲ್ಲಿಗೆ? ಏಪ್ರನ್ ಆದ್ರೂ ಬಿಚ್ಚೇ! ಜನ ನೋಡ್ತಾರೆ!" ಅಣ್ಣ ಹಿಂದಿನಿಂದ ಕೂಗಿದ.

"ನೋಡಲಿ! ನೋಡೋಕೇ ಅಲ್ವಾ ಕಣ್ಣಿರೋದು?"

ನಡು ಮಧ್ಯಾಹ್ನದ ಬೀದಿ. ಬಿಚ್ಚಿದ ಕೂದಲು, ಮೂಗಿನ ಮೇಲೆ ಹಿಟ್ಟು. ಬೀದಿಯ ಕೊನೆಯ ಅಂಗಡಿಯಲ್ಲಿ ಅವನು ಸ್ಟೀಲ್ ತಗಡು ಬಗ್ಗಿಸುತ್ತ ಕೂತಿದ್ದ. ಅವಳನ್ನು ಕಂಡು ಕಕ್ಕಾಬಿಕ್ಕಿಯಾಗಿ ಎದ್ದ.

"ಮತ್ತೆ ಕೆಡ್ತಾ?"

"ಕಿತ್ತಿದ್ದು ನಾನೇ!" ಅವಳು ಜಗಳಕ್ಕೆ ಬಂದವಳಂತೆ ಕೂಗಿದಳು. "ಉಜ್ಜಿ ಉಜ್ಜಿ ಕ್ಲಿಪ್ ಮುರಿದಿದ್ದು, ಕಡ್ಡಿ ತಳದಲ್ಲಿಟ್ಟಿದ್ದು ನಾನು. ನಿಮ್ಮ ಮೇಲೆ ಅನುಮಾನಪಟ್ಟಿದ್ದೂ ನಾನೇ. ಎಲ್ಲ ನನ್ನದೇ ತಪ್ಪು. ಸಾಕಾ? ಈಗ ನಿಮ್ಮದು ಹೇಳಿ!"

"ನೋಡದೇ ಗುಜರಿ ಅಂದಿದ್ದು ನನ್ನ ತಪ್ಪು."

"ಜೋರಾಗಿ!"

"ನನ್ನ ತಪ್ಪು!" ಅವನು ಬೀದಿಗೆಲ್ಲ ಕೇಳುವಂತೆ ಕೂಗಿದ. ಎದುರಿನ ಟೈಲರ್ ಹೊಲಿಗೆ ನಿಲ್ಲಿಸಿ ಇಣುಕಿದ. ಅವಳಿಗೆ ನಗುವೂ ಅಳುವೂ ಒಟ್ಟಿಗೇ ಬಂತು.

"ಆಸ್ಪತ್ರೆಯವರು ಬ್ರೆಡ್ ಒಪ್ಪಿದ್ರು," ಅಂದಳು ಸಣ್ಣಗೆ. "ಮೊದಲನೇದು ನಿಮಗೆ."

ಅವನು ಬ್ರೆಡ್ಡನ್ನು ಎರಡೂ ಕೈಯಲ್ಲಿ ತೆಗೆದುಕೊಂಡ. ಆಮೇಲೆ ಮೇಜಿನ ಮೇಲಿದ್ದ ಪುಟ್ಟ ಕ್ಲಿಪ್ ತೋರಿಸಿದ.

"ಹೇರ್‌ಪಿನ್ ಬಹಳ ದಿನ ತಡೆಯಲ್ಲ. ಬೆಳಿಗ್ಗೆಯಿಂದ ಮೂರು ಹಾಳುಮಾಡಿ, ಇದು ನಾಲ್ಕನೇದು."

"ಮತ್ತೆ ತಂದು ಹಾಕೋದಲ್ವಾ?"

"ಬಾಗಿಲು ಹಾಕಿತ್ತಲ್ಲ."

"ಈಗ ತೆಗೆದಿದೆ."

ಅವನು ಅವಳನ್ನೇ ನೋಡಿದ. "ಹಾಗಾದ್ರೆ ಒಂದು ಮಾತು ಹೇಳ್ತೀನಿ, ಆಮೇಲೆ ಬೇಕಾದ್ರೆ ಬೈಯಿರಿ. ನಿನ್ನೆ ಆ ಕಿಟಕಿ ಹತ್ರ ನಿಂತಾಗ, ಜೀವಮಾನವೆಲ್ಲ ಹೀಗೇ ಇವರ ಕೈಲಿ ಬೈಸ್ಕೊಂಡು ಇರಬಹುದಲ್ಲಾ ಅನ್ನಿಸ್ತು. ನೀವಂದ್ರೆ ನಂಗೆ ಇಷ್ಟ. ತುಂಬಾ."

ಅವಳ ಕೆನ್ನೆ ಓವನ್ನಿಗಿಂತ ಬಿಸಿಯಾಯಿತು. ಆದರೂ ಗದ್ದ ಮೇಲೆತ್ತಿದಳು. ಮೊಂಡಿ ಅಲ್ಲವೇ!

"ನಂಗೂ ಇಷ್ಟ. ಆದ್ರೆ ಈಗಲೇ ಹೇಳ್ಬಿಡ್ತೀನಿ, ನಾನು ಯಾರ ಮನೆಗೆ ಹೋದ್ರೂ ಆ ಓವನ್ ನನ್ನ ಜೊತೆ ಬರುತ್ತೆ."

"ಅದು ಮೊದಲು ಬರಲಿ, ಅದರ ಹಿಂದೆ ನೀವು ಬನ್ನಿ. ಅಮ್ಮನ ಓವನ್ ಅಲ್ವಾ ಅದು?"

"ಓವನ್‌ಗೆ ಅದು ಗೊತ್ತಾಗಲ್ಲ ಅಂದಿದ್ರಿ…"

ಅವನು ಅವಳ ಮೂಗಿನ ಮೇಲಿನ ಹಿಟ್ಟನ್ನು ಮೆಲ್ಲಗೆ ಒರೆಸಿದ.

"ನಂಗೆ ಗೊತ್ತಾಯ್ತಲ್ಲ."