ಎಣ್ಣೆ ಸವರಿದ ಕೈ

ಬೋಗುಣಿಯಲ್ಲಿದ್ದ ಹೆಸರುಕಾಳನ್ನು ಶೇಷಮ್ಮ ಒಂದೇ ಸಲಕ್ಕೆ ಅಂಗಳಕ್ಕೆ ಚೆಲ್ಲಿಬಿಟ್ಟರು.

"ಉಣ್ಣೋ ಕಾಳಲ್ಲಿ ಆಟ! ನಿನ್ನ ಬುದ್ಧಿ ಎಲ್ಲಿ ಮೇಯಕ್ಕೆ ಹೋಗಿದೆ ಮಾರಾಯ್ತಿ?"

"ಸುಮ್ನೆ ಆಟ ಅಲ್ಲ ಅತ್ತೆ... ಕೈಯಾಡಿಸಿದ್ರೆ ಮಗೂಗೆ ಸಮಾಧಾನ. ಶಿವಮೊಗ್ಗದ ಡಾಕ್ಟ್ರು..."

"ಡಾಕ್ಟ್ರೇನು ನಮ್ಮನೆ ಡಬ್ಬಿ ತುಂಬಿಸಿಕೊಡ್ತಾರಾ?"

ಸೊಸೆ ಚೈತ್ರ ಮಗಳತ್ತ ತಿರುಗಿದಳು. ಆರು ವರ್ಷದ ಅರ್ಪಿತಾ ಎರಡೂ ಕಿವಿ ಮುಚ್ಚಿಕೊಂಡು ಕಂಬದ ಬಳಿ ಹಿಂದೆ ಮುಂದೆ ತೂಗುತ್ತಿದ್ದಳು. ಹುಟ್ಟಿದಾಗಿನಿಂದ ಆ ಮಗುವನ್ನು ಯಾರೂ ಮುಟ್ಟುವಂತಿರಲಿಲ್ಲ. ತಲೆ ಬಾಚಿದರೆ ಚೀರಾಟ, ಒದ್ದೆ ಅನ್ನ ಬೆರಳಿಗೆ ತಾಗಿದರೆ ಚೀರಾಟ. ಆಟಿಸಂ ಎಂದು ಗೊತ್ತಾಗಿದ್ದು ಹಿಂದಿನ ವರ್ಷ, 2006ರಲ್ಲಿ. "ಇದಕ್ಕೆ ಮಾತ್ರೆ ಇಲ್ಲಮ್ಮ. ಹಗುರಾಗಿ ಸವರಿದರೆ ಇಂಥ ಕೆಲವು ಮಕ್ಕಳಿಗೆ ಚುಚ್ಚಿದ ಹಾಗಾಗುತ್ತದೆ, ಗಟ್ಟಿಯಾಗಿ ಒತ್ತಿದರೆ ಹಿತವಾಗಬಹುದು. ಕಾಳು, ಮರಳು, ಹಿಟ್ಟು, ಮನೆಯಲ್ಲಿ ಇರುವುದರಲ್ಲೇ ಆಡಿಸಿ. ಒತ್ತಾಯ ಮಾತ್ರ ಬೇಡ" ಎಂದಿದ್ದರು ವೈದ್ಯರು. ಆ ಮಾತನ್ನು ಚೈತ್ರ ಮಂತ್ರದಂತೆ ಹಿಡಿದಿದ್ದಳು. ಆದರೆ ಕೊಪ್ಪದ ಆ ಮನೆಯಲ್ಲಿ ಅದನ್ನು ಕೇಳುವವರು ಯಾರು? ಗಂಡ ರಾಕೇಶನ ಬಾಯಿ ತಾಯಿಯ ಎದುರು ಎಂದೂ ತೆರೆದಿದ್ದಿಲ್ಲ.

"ನಾಳೆ ಹಪ್ಪಳಕ್ಕೆ ಕೇರಿ ಹೆಂಗಸ್ರೆಲ್ಲ ಬರ್ತಾರೆ" ಎಂದರು ಶೇಷಮ್ಮ. "ಅವ್ರ ಮುಂದೆ ಇದು ಚೀರ್ತೋ, ಮಗಳನ್ನ ಕಟ್ಕೊಂಡು ಬಾಳೆಹೊನ್ನೂರು ಬಸ್ಸು ಹತ್ತು. ತವರಲ್ಲೇ ಇರು!"

ತವರು! ಅಪ್ಪನಿಲ್ಲದ ಆ ಮನೆಯಲ್ಲಿ ಅಣ್ಣನ ಸಂಸಾರಕ್ಕೇ ಜಾಗ ಸಾಲದು... ಚೈತ್ರ ಚೆಲ್ಲಿದ ಕಾಳನ್ನು ಮಣ್ಣುಸಮೇತ ಗುಡಿಸಿ ಮೂಲೆಗಿಟ್ಟಳು. ಕಣ್ಣೊರೆಸಿಕೊಂಡು ಬ್ಯಾಗಿಗೆ ಮಗುವಿನ ಬಟ್ಟೆ ತುಂಬಿದಳು.

ಮರುದಿನ ಅಂಗಳದಲ್ಲಿ ಚಾಪೆ ಹಾಸಿತ್ತು. ಮೊಣಕೈವರೆಗೆ ಕೊಬ್ಬರಿ ಎಣ್ಣೆ ಸವರಿಕೊಂಡು ಶೇಷಮ್ಮ ಹಲಸಿನಕಾಯಿ ಸೀಳುತ್ತಿದ್ದರು.

"ಶೇಷಕ್ಕ, ಹೋದ್ವರ್ಷ ನೀನು ಒತ್ತಿದ್ದು ಹಪ್ಪಳನೋ ದೋಸೆನೋ?" ಎಂದು ನೆರೆಮನೆಯ ಕಮಲಕ್ಕ ಕೆಣಕಿದಳು.

"ದೋಸೆ ಅಂದ್ಕೊಂಡೇ ಡಬ್ಬಿ ಖಾಲಿ ಮಾಡಿದ್ಯಲ್ಲೇ!"

ನಗು ಎದ್ದಿತು. ಬೇಯಿಸಿದ ತೊಳೆ ಕುಟ್ಟಲು ಚೈತ್ರಳನ್ನು ಕರೆದರು. ಅವಳು ಒರಳಿನ ಮುಂದೆ ಕೂತಿದ್ದಷ್ಟೇ, ಅರ್ಪಿತಾ ಕೋಣೆಯಿಂದ ಹೊರಬಂದಿದ್ದಳು.

"ಬಾರೆ ಕೂಸೆ" ಎಂದು ಕಮಲಕ್ಕ ಅಕ್ಕರೆಯಿಂದ ಕೆನ್ನೆ ಸವರಿದಳು.

ಮಗು ಕಿಟಾರನೆ ಕಿರುಚಿತು! ಹಿಂದೆ ಸರಿಯಲು ಹೋಗಿ ಬಿದ್ದಿತು. ಊರಿದ ಅಂಗೈ ಸೀಳಿದ ಹಲಸಿನ ಮೇಲೆಯೇ! ಬಿಳಿ ಮೇಣ ಬೆರಳಿಗೆಲ್ಲ ಅಂಟಿತು. ಕೊಡವಿದರೆ ಹೋಗದು, ಒರೆಸಿದರೆ ಬಿಡದು... ಚೀರಾಟ ಬೀದಿಗೆ ಕೇಳಿಸಿತು. ಹೆಂಗಸರೆಲ್ಲ ಮುಖ ಮುಖ ನೋಡಿಕೊಂಡರು. ಮುಗಿಯಿತು, ಎಂದುಕೊಂಡಳು ಚೈತ್ರ.

ಮೇಣ ಕಂಡರೆ ಎಣ್ಣೆಗೆ ಕೈ ಹೋಗುವುದು ಶೇಷಮ್ಮನಿಗೆ ಅರವತ್ತು ವರ್ಷದ ಅಭ್ಯಾಸ. ಯೋಚಿಸಲೇ ಇಲ್ಲ ಅವರು. ಮೊಮ್ಮಗಳ ಕೈಯನ್ನು ಬಾಚಿ ಹಿಡಿದು, ಎಣ್ಣೆ ಸುರಿದು, ಅಂಗೈಯನ್ನು ಹೆಬ್ಬೆರಳಿನಿಂದ ಬಲವಾಗಿ ಉಜ್ಜತೊಡಗಿದರು.

ಚೀರಾಟ ಸಣ್ಣದಾಯಿತು. ನಿಂತೇಹೋಯಿತು!

ಶೇಷಮ್ಮ ಬೆಚ್ಚಿ ಕೈ ಸಡಿಲಿಸಿದರು.

"ಬಿಡಬೇಡಿ ಅತ್ತೆ!" ಚೈತ್ರ ಒರಳು ಬಿಟ್ಟು ಓಡಿಬಂದಳು. "ಮೆತ್ತಗೆ ಬೇಡ... ಹಾಗೇ ಗಟ್ಟಿಯಾಗಿ ಒತ್ತಿ!"

ಒಂದೊಂದೇ ಬೆರಳು ಒತ್ತಿದರು. ಮೇಣ ಪೂರ್ತಿ ಬಿಟ್ಟಿತು. ಆಗ ಅರ್ಪಿತಾ, ಯಾರ ಮುಖವನ್ನೂ ನೋಡದೆ, ಮೇಣವೇ ಅಂಟದ ಇನ್ನೊಂದು ಕೈಯನ್ನು ಅಜ್ಜಿಯ ಮುಂದೆ ಚಾಚಿದಳು.

ಶೇಷಮ್ಮನ ಕಣ್ಣಿಂದ ನೀರು ಇಳಿಯಿತು. ಒರೆಸಿಕೊಳ್ಳಲು ಕೈ ಖಾಲಿ ಇರಲಿಲ್ಲ.

"ಆರು ವರ್ಷ ಆತಲೆ ಕಮಲ... ಇದರ ಕೈ ಹಿಂಗಿದೆ ಅಂತ ನಂಗೆ ಇವತ್ತೇ ಗೊತ್ತಾಗಿದ್ದು..."

ಹಪ್ಪಳದ ಉಂಡೆಯೊಂದನ್ನು ಎರಡು ಪ್ಲಾಸ್ಟಿಕ್ ಹಾಳೆಯ ನಡುವೆ ಇಟ್ಟು ಅರ್ಪಿತಾಳ ಮುಂದೆ ಸರಿಸಿದರು. ಅವಳು ಎರಡೂ ಅಂಗೈ ಊರಿ, ಮೈಭಾರವೆಲ್ಲ ಬಿಟ್ಟು ಒತ್ತಿದಳು. ಮತ್ತೊಂದು ಉಂಡೆ. ಇನ್ನೊಂದು...

"ಈ ಸಲ ದೋಸೆ ಅಲ್ಲ ಶೇಷಕ್ಕ, ಹಪ್ಪಳವೇ" ಎಂದಳು ಕಮಲಕ್ಕ ಮೂಗು ಒರೆಸಿಕೊಳ್ಳುತ್ತ.

ಸಂಜೆ ಚೈತ್ರ ಬ್ಯಾಗು ಹಿಡಿದು ಹೊರಬಂದಳು.

"ಎಲ್ಲಿಗೆ?"

"ಮಗು ಚೀರ್ತಲ್ಲ ಅತ್ತೆ... ನೀವೇ ಹೇಳಿದ್ರಿ..."

"ಹೇಳಿದ್ದೆ. ಮುದುಕಿ ಬಾಯಿ, ಏನೇನೋ ಹೇಳತ್ತೆ. ಒಳಗಿಡು ಅದನ್ನ!"

ಚೈತ್ರ ಅತ್ತೆಯ ಕಾಲಿಗೆ ಬಾಗಿದಳು. "ನಂಗೆ ಮನೆ ಉಳಿಸಿಕೊಟ್ರಿ ಅತ್ತೆ..."

"ನಾನೆಂತ ಉಳಿಸಿದೆ? ಏಳು, ಕಾಲೆಲ್ಲ ಎಣ್ಣೆ. ಆ ಬೋಗುಣಿ ತಗೊಂಡು ಹೋಗು."

ಮೂಲೆಗಿಟ್ಟಿದ್ದ ಹೆಸರುಕಾಳು ಬೋಗುಣಿಗೆ ಮರಳಿತ್ತು. ಒಂದು ಚೂರು ಮಣ್ಣಿರಲಿಲ್ಲ.

"ಮೊರದಲ್ಲಿ ಕೇರಿ, ಕಲ್ಲೂ ಆರಿಸಿದೀನಿ. ಬಾಯಿಗೆ ಹಾಕ್ಕೊಂಡ್ರೆ ಹಲ್ಲಿಗೆ ಸಿಗಬಾರ್ದು" ಎಂದರು ಶೇಷಮ್ಮ. "ಆಡಿ ಮುಗಿದ ಮೇಲೆ ತೊಳೆದು ಸಾರಿಗೆ ಹಾಕಿದ್ರಾತು. ಉಣ್ಣೋ ಕಾಳು ಉಂಡಂಗೂ ಆತು."

ಅರ್ಪಿತಾಳಿಗೆ ಇನ್ನೂ ಮಾತು ಬಂದಿಲ್ಲ. ಬಾಚಣಿಗೆ ಕಂಡರೆ ಈಗಲೂ ಚೀರುತ್ತಾಳೆ. ಆದರೆ ದಿನಾ ಸಂಜೆ ದೀಪ ಹಚ್ಚಿದ ಮೇಲೆ ಶೇಷಮ್ಮ ಎಣ್ಣೆಬಟ್ಟಲು ಪಕ್ಕಕ್ಕಿಟ್ಟುಕೊಂಡು ಜಗಲಿಯಲ್ಲಿ ಕೂರುತ್ತಾರೆ. ಕರೆಯುವುದಿಲ್ಲ, ಎಳೆಯುವುದಿಲ್ಲ. ತಮ್ಮ ಅಂಗೈಗೆ ಎಣ್ಣೆ ಸವರಿ, ತೆರೆದು, ಮಡಿಲಲ್ಲಿಟ್ಟು ಕಾಯುತ್ತಾರೆ. ಕೆಲವು ಸಂಜೆ ಸುಮ್ಮನೆ ಕಳೆಯುತ್ತದೆ. ಕೆಲವು ಸಂಜೆ ಪುಟ್ಟ ಕೈಯೊಂದು ತಾನಾಗಿ ಬಂದು ಅದರ ಮೇಲೆ ಕೂರುತ್ತದೆ.